ಸಕ್ಕರೆಗಳ ರಚನೆಯನ್ನು ತಿಳಿಸಿಕೊಟ್ಟ ಎಮಿಲ್ ಫಿಶರ್ (1852–1919)

ಜನನ ಮತ್ತು ವಿದ್ಯಾಭ್ಯಾಸ

ಹರ್ಮನ್ ಎಮಿಲ್ ಫಿಶರ್ ಅವರು 1852ನೇ ಇಸವಿ ಅಕ್ಟೋಬರ್ 9ರಂದು ಇಂದಿನ ಜರ್ಮನಿಯ ಕಲೋನ್ ನಗರದ ಸಮೀಪವಿರುವ ಆಯ್ಸ್‌ಕಿರ್ಶೆನ್‌ನಲ್ಲಿ ಜನಿಸಿದರು. ಮಗನೂ ವ್ಯಾಪಾರವನ್ನೇ ಮುಂದುವರಿಸಬೇಕೆಂಬುದು ವರ್ತಕರಾಗಿದ್ದ ತಂದೆಯವರ ಅಪೇಕ್ಷೆಯಾಗಿತ್ತು. ಆದರೆ ಫಿಶರ್ ಅವರಿಗೆ ಅದು ಒಗ್ಗಲಿಲ್ಲವಾದುದರಿಂದ 1871ರಲ್ಲಿ ಬಾನ್ ವಿಶ್ವವಿದ್ಯಾನಿಲಯವನ್ನು ಸೇರಿದರು. ಮರುವರ್ಷ ಸ್ಟ್ರಾಸ್‌ಬರ್ಗ್‌ಗೆ ತೆರಳಿ, ಅಡಾಲ್ಫ್ ಫಾನ್ ಬೇಯರ್ ಅವರ ಮಾರ್ಗದರ್ಶನದಲ್ಲಿ 1874ರಲ್ಲಿ ಡಾಕ್ಟರೇಟ್ ಪದವಿ ಪಡೆದರು.

ಸಂಶೋಧನೆ

ಗ್ಲೂಕೋಸ್, ಮ್ಯಾನೋಸ್, ಗ್ಯಾಲಕ್ಟೋಸ್ ಮತ್ತು ಫ್ರಕ್ಟೋಸ್ ಬೇರೆ ಬೇರೆ ಸಕ್ಕರೆಗಳು. ಆದರೂ ಪ್ರತಿಯೊಂದರ ಅಣುವಿನಲ್ಲಿ ಇಂಗಾಲದ 6, ಜಲಜನಕದ 12 ಮತ್ತು ಆಮ್ಲಜನಕದ 6 ಪರಮಾಣುಗಳಿವೆ. ಲೆಕ್ಕ ಒಂದೇ ಆಗಿರುವಾಗ ಗುಣಗಳು ಭಿನ್ನವಾಗಿರಲು ಪರಮಾಣುಗಳ ಜೋಡಣೆಯೇ ಕಾರಣವಾಗಿದ್ದು, ಅದನ್ನು ಅರಿಯುವುದು ಕಠಿಣವಾಗಿತ್ತು. ಸಕ್ಕರೆಗಳು ಪಾಕದ ರೂಪದಲ್ಲಿಯೇ ಉಳಿದು, ಸುಲಭವಾಗಿ ಹರಳುಗಟ್ಟದೆ ಇದ್ದುದು ಮತ್ತೊಂದು ತೊಡಕು.

1875ರಲ್ಲಿ ಫಿಶರ್ ಅವರು ಫಿನೈಲ್‌ಹೈಡ್ರಜೀನ್ ಎಂಬ ವಸ್ತುವನ್ನು ಕಂಡುಹಿಡಿದರು. ಇದರೊಂದಿಗೆ ಸಕ್ಕರೆಗಳು ವರ್ತಿಸಿ, ಗುರುತಿಸಲು ಅನುಕೂಲವಾದ ಹಳದಿ ಹರಳುಗಳನ್ನು ಕೊಡುವುದು 1884ರಲ್ಲಿ ಕಂಡುಬಂದಿತು. ಗ್ಲೂಕೋಸ್, ಮ್ಯಾನೋಸ್ ಮತ್ತು ಫ್ರಕ್ಟೋಸ್ ಒಂದೇ ಬಗೆಯ ಹರಳನ್ನು ಕೊಟ್ಟುದರಿಂದ, ಇವುಗಳ ವ್ಯತ್ಯಾಸವು ಮೊದಲ ಎರಡು ಇಂಗಾಲಗಳಲ್ಲಿ ಮಾತ್ರ ಇದೆಯೆಂದು ತಿಳಿಯಿತು. ಗ್ಲೂಕೋಸ್ ವರ್ಗದಲ್ಲಿ ನಾಲ್ಕು ಇಂಗಾಲಗಳು ತಲಾ ಎರಡು ರೀತಿಯಲ್ಲಿ ಇರಬಹುದಾದುದರಿಂದ ಒಟ್ಟು 16 ರಚನೆಗಳು ಸಾಧ್ಯ. ಅವುಗಳಲ್ಲಿ ಗ್ಲೂಕೋಸ್‌ನದು ಯಾವುದೆಂಬುದನ್ನು 1891ರಲ್ಲಿ ಅವರು ನಿರ್ಧರಿಸಿದರು.

ರಚನೆ ಮತ್ತು ನಾಮಕರಣ

ಇಂಗಾಲಗಳನ್ನು ಮೇಲಿಂದ ಕೆಳಕ್ಕೆ ಒಂದೇ ಗೆರೆಯಲ್ಲಿ ಬರೆಯುವ ಅವರ ಪದ್ಧತಿಗೆ ಫಿಶರ್ ಪ್ರಕ್ಷೇಪಣೆ ಎಂದು ಹೆಸರು. ಈ ಚಿತ್ರದಲ್ಲಿ, ಎರಡು ರೀತಿಯಲ್ಲಿ ಇರಬಲ್ಲ ಇಂಗಾಲಗಳ ಪೈಕಿ ಕೊನೆಯದರ ಹೈಡ್ರಾಕ್ಸಿಲ್ ಗುಂಪು ಬಲಕ್ಕಿದ್ದರೆ ಡಿ, ಎಡಕ್ಕಿದ್ದರೆ ಎಲ್ ಎಂದು ಸೂಚಿಸುವ ನಿಯಮವು ತರುವಾಯ ರೂಢಿಗೆ ಬಂದಿತು. ನಿಜವಾದ ಅಣುವಿನಲ್ಲಿ ಬಲ ಯಾವುದು, ಎಡ ಯಾವುದು ಎಂದು ಪರೀಕ್ಷಿಸುವ ಸಾಧನ ಆಗ ಇರಲಿಲ್ಲ. ಎರಡರಲ್ಲಿ ಒಂದನ್ನು ಫಿಶರ್ ಅವರು ಊಹೆಯಿಂದ ಆರಿಸಿಕೊಂಡಿದ್ದರು. ಆ ಆಯ್ಕೆ ಸರಿಯೆಂಬುದು 1951ರಲ್ಲಿ ನೆದರ್‌ಲೆಂಡ್ಸ್‌ನ ಬೈಫೂಟ್ ಮತ್ತು ಸಂಗಡಿಗರ ಕ್ಷ-ಕಿರಣ ಅಧ್ಯಯನದಿಂದ ದೃಢಪಟ್ಟಿತು.

ಗೌರವ ಮತ್ತು ಅಂತಿಮ ದಿನಗಳು

1892ರಿಂದ ಬರ್ಲಿನ್‌ನಲ್ಲಿ ಪ್ರಾಧ್ಯಾಪಕರಾಗಿದ್ದ ಅವರಿಗೆ ಸಕ್ಕರೆ ಹಾಗೂ ಪ್ಯೂರಿನ್‌ಗಳ ಕುರಿತ ಕಾರ್ಯಕ್ಕಾಗಿ 1902ರ ನೊಬೆಲ್ ಪ್ರಶಸ್ತಿ ದೊರೆಯಿತು. ಆದರೆ ಸಕ್ಕರೆಗಳನ್ನು ಗುರುತಿಸಲು ನೆರವಾದ ಫಿನೈಲ್‌ಹೈಡ್ರಜೀನ್ ವಿಷಕಾರಿಯಾಗಿದ್ದು, ಅವರ ಆರೋಗ್ಯವನ್ನು ಹಾಳುಗೆಡವಿತು. ಪತ್ನಿ ಆಗ್ನೆಸ್ ಅವರು ವಿವಾಹವಾದ ಏಳು ವರ್ಷಗಳಲ್ಲಿ, 1895ರಲ್ಲಿ ನಿಧನರಾದರು. ಮೂವರು ಪುತ್ರರಲ್ಲಿ ಇಬ್ಬರು ಮೊದಲ ಮಹಾಯುದ್ಧದ ಕಾಲದಲ್ಲಿ ತೀರಿಕೊಂಡರು. ಉಳಿದ ಪುತ್ರ ಹರ್ಮನ್ ಅವರು ತಂದೆಯಂತೆಯೇ ರಸಾಯನವಿಜ್ಞಾನಿಯಾದರು. ಫಿಶರ್ ಅವರು 1919ನೇ ಇಸವಿ ಜುಲೈ 15ರಂದು ಬರ್ಲಿನ್‌ನಲ್ಲಿ ನಿಧನ ಹೊಂದಿದರು.

ಸಾರ್ವಜನಿಕರ ಗಮನಕ್ಕೆ

ಗ್ಲೂಕೋಸ್ ಪುಡಿಯ ಪೊಟ್ಟಣ ಹಾಗೂ ಆಸ್ಪತ್ರೆಗಳಲ್ಲಿ ನೀಡುವ ದ್ರಾವಣದ ಬಾಟಲಿಗಳ ಮೇಲೆ ಡೆಕ್ಸ್‌ಟ್ರೋಸ್ ಎಂದು ಮುದ್ರಿತವಾಗಿರುವುದು ಡಿ-ಗ್ಲೂಕೋಸ್‌ನ ಇನ್ನೊಂದು ಹೆಸರಾಗಿದ್ದು, ಎರಡೂ ಒಂದೇ ಸಕ್ಕರೆಯಾಗಿರುತ್ತವೆ.