ಜಾವಾ ಬೈಕಿಗೆ ಜಾವಾ ದ್ವೀಪದಿಂದ ಹೆಸರು ಬಂತೇ?

ಭಾನುವಾರ ಬೆಳಿಗ್ಗೆ ಜಯನಗರದ ಅಡ್ಡರಸ್ತೆಯಲ್ಲಿ ಹಳೆಯ ಜಾವಾ ಬೈಕೊಂದು ಹೊಗೆ ಬಿಡುತ್ತಾ ಹೋದರೆ ಈಗಲೂ ಜನ ತಿರುಗಿ ನೋಡುತ್ತಾರೆ. ಅದು ಮೈಸೂರಿನಲ್ಲೇ ಹುಟ್ಟಿದ ಬೈಕು ಎಂದು ಕೆಲವರು, ಇಂಡೋನೇಷ್ಯಾದ ದ್ವೀಪದ ಹೆಸರು ಅದಕ್ಕಿದೆ ಎಂದು ಇನ್ನು ಕೆಲವರು ಹೇಳುವುದನ್ನು ನಾವು ಕೇಳಿದ್ದೇವೆ. ಎರಡೂ ತಪ್ಪು. ಆ ಹೆಸರಿನ ಹಿಂದಿರುವುದು ಫ್ರಾಂಟಿಶೆಕ್ ಯಾನೆಚೆಕ್ ಎಂಬ ಜೆಕ್ ಎಂಜಿನಿಯರ್.

ಯಾರು ಈ ಯಾನೆಚೆಕ್?

1878ರಲ್ಲಿ ಬೊಹೀಮಿಯಾದ ಹಳ್ಳಿಯೊಂದರಲ್ಲಿ ಹುಟ್ಟಿದ ಇವರು ಪ್ರಾಗ್ ಮತ್ತು ಬರ್ಲಿನ್‌ನಲ್ಲಿ ಎಂಜಿನಿಯರಿಂಗ್ ಓದಿದರು. ಮೊದಲ ಮಹಾಯುದ್ಧದಲ್ಲಿ ಇಟಲಿಯ ಗಡಿಯಲ್ಲಿ ಸೈನಿಕರಾಗಿದ್ದರು. ಯುದ್ಧ ಮುಗಿದ ಮೇಲೆ ಕೈಬಾಂಬು ಮೊದಲಾದ ಶಸ್ತ್ರಗಳನ್ನು ತಯಾರಿಸುವ ಕಾರ್ಖಾನೆ ನಡೆಸಿದರು. ಆದರೆ 1920ರ ದಶಕದ ಕೊನೆಗೆ ಶಸ್ತ್ರಗಳಿಗೆ ಬೇಡಿಕೆ ಕುಸಿಯಿತು. ಯಂತ್ರಗಳಿದ್ದವು, ಕೆಲಸಗಾರರಿದ್ದರು, ಕೆಲಸವಿರಲಿಲ್ಲ.

ಹೆಸರು ಹುಟ್ಟಿದ್ದು ಹೇಗೆ?

1929ರಲ್ಲಿ ಯಾನೆಚೆಕ್ ಜರ್ಮನಿಯ ವಾಂಡರರ್ ಕಂಪನಿಯಿಂದ 500 ಸಿಸಿ ಬೈಕೊಂದರ ಲೈಸೆನ್ಸ್ ಕೊಂಡರು. ಇಂಗ್ಲಿಷ್ ಲಿಪಿಯಲ್ಲಿ ಯಾನೆಚೆಕ್ ಹೆಸರಿನ ಮೊದಲೆರಡು ಅಕ್ಷರ ಜೆ, ಎ. ವಾಂಡರರ್‌ನ ಮೊದಲೆರಡು ಡಬ್ಲ್ಯು, ಎ. ನಾಲ್ಕೂ ಸೇರಿ ಜಾವಾ. ಜೆಕ್ ಭಾಷೆಯಲ್ಲಿ ಇದರ ಉಚ್ಚಾರಣೆ 'ಯಾವಾ'. ನಾವು 'ಜಾವಾ' ಎಂದು ಓದಿದ್ದರಿಂದಲೇ ದ್ವೀಪದ ಗೊಂದಲ.

ಮೊದಲ ಬೈಕು ದುಬಾರಿ. ಅದೇ ಹೊತ್ತಿಗೆ ಜಗತ್ತಿನಾದ್ಯಂತ ಆರ್ಥಿಕ ಕುಸಿತ. ಕೊಳ್ಳುವವರು ಕಡಿಮೆಯಾದರು. ಆಗ ಯಾನೆಚೆಕ್ ದಾರಿ ಬದಲಿಸಿದರು. ಬ್ರಿಟಿಷ್ ವಿನ್ಯಾಸಕಾರ ಜಾರ್ಜ್ ವಿಲಿಯಂ ಪ್ಯಾಚೆಟ್ ಅವರನ್ನು ಸೇರಿಸಿಕೊಂಡು, 1932ರಲ್ಲಿ ವಿಲಿಯರ್ಸ್ ಕಂಪನಿಯ ಟೂ ಸ್ಟ್ರೋಕ್ ಎಂಜಿನ್ ಇರುವ 175 ಸಿಸಿ ಬೈಕು ತಂದರು. ಈ ಬಗೆಯ ಎಂಜಿನ್‌ನಲ್ಲಿ ಫೋರ್ ಸ್ಟ್ರೋಕ್‌ನಲ್ಲಿರುವಂಥ ವಾಲ್ವ್‌ಗಳಿಲ್ಲ, ಬಿಡಿಭಾಗಗಳೂ ಕಡಿಮೆ. ಹಾಗಾಗಿ ತಯಾರಿಸುವುದು ಅಗ್ಗ, ರಿಪೇರಿ ಸುಲಭ. ಪೆಟ್ರೋಲಿಗೇ ಆಯಿಲ್ ಬೆರೆಸುವುದರಿಂದ ಹೊಗೆ ಮಾತ್ರ ಹೆಚ್ಚು. ಈ ಬೈಕು ಸಾಮಾನ್ಯರ ಕೈಗೆಟುಕಿತು, ಕಾರ್ಖಾನೆ ಉಳಿಯಿತು.

ಮೈಸೂರಿಗೆ ಬಂದದ್ದು ಯಾವಾಗ?

ಯಾನೆಚೆಕ್ 1941ರಲ್ಲಿ, ದೇಶ ನಾಜಿಗಳ ವಶದಲ್ಲಿದ್ದಾಗ ತೀರಿಕೊಂಡರು. ಯುದ್ಧದ ನಂತರ ಕಂಪನಿ ಸರ್ಕಾರದ ಪಾಲಾಯಿತು. ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಬೈಕು ತಯಾರಿಸತೊಡಗಿದಾಗ ಅವರು ಸತ್ತು 20 ವರ್ಷವಾಗಿತ್ತು. 1970ರ ದಶಕದಲ್ಲಿ ಇಲ್ಲಿನ ಬೈಕಿಗೆ ಯೆಜ್ಡಿ ಎಂಬ ಹೆಸರು ಬಂತು. 1996ರಲ್ಲಿ ಕಾರ್ಖಾನೆ ಮುಚ್ಚಿತು.

ಹಾಗಾದರೆ ಜಾವಾ ನಮ್ಮದಲ್ಲವೇ? ಹುಟ್ಟಿದ್ದು ಪ್ರಾಗ್‌ನಲ್ಲಿ, ಹೆಸರು ಜೆಕ್ ಮತ್ತು ಜರ್ಮನ್. ಆದರೆ ನಮ್ಮ ರಸ್ತೆಗಳಲ್ಲಿ ಇವತ್ತಿಗೂ ಓಡುವ ಹಳೆಯ ಬೈಕುಗಳಲ್ಲಿ ಬಹುಪಾಲು ಮೈಸೂರಿನ ಕೆಲಸಗಾರರ ಕೈಯಲ್ಲಿ ತಯಾರಾದವು.