ಮೂತ್ರದ ಬಣ್ಣದಲ್ಲಿ ವಂಶದ ಗುಟ್ಟು ಕಂಡ ಗ್ಯಾರಡ್

ಕಿಡ್ನಿ ಸ್ಟೋನ್ ಅಂದ ತಕ್ಷಣ ನಮ್ಮಲ್ಲಿ ಎಲ್ಲರೂ ಡಾಕ್ಟರೇ. ನೀರು ಜಾಸ್ತಿ ಕುಡಿ, ಬಾಳೆದಿಂಡಿನ ಪಲ್ಯ ತಿನ್ನು, ಟೊಮೇಟೊ ಬಿಡು ಅಂತ ಹಾಸ್ಟೆಲ್ ರೂಮಿನಲ್ಲೇ ಚಿಕಿತ್ಸೆ ಶುರುವಾಗುತ್ತೆ. ಆದರೆ ಕೆಲವರಿಗೆ ಏನು ತಿಂದರೂ, ಏನು ಬಿಟ್ಟರೂ ಕಲ್ಲು ಮತ್ತೆ ಮತ್ತೆ ಬರುತ್ತೆ, ಅದೂ ಚಿಕ್ಕ ವಯಸ್ಸಿನಲ್ಲೇ. ವಿಚಾರಿಸಿದರೆ ಅಣ್ಣನಿಗೋ ತಂಗಿಗೋ ಅದೇ ತೊಂದರೆ ಇರುತ್ತೆ. ಅಂಥದ್ದೊಂದು ಕಾಯಿಲೆಯ ಹೆಸರು ಸಿಸ್ಟಿನೂರಿಯ. ಇದು ತಂದೆ ತಾಯಿಯಿಂದ ಬರೋ ಕಾಯಿಲೆ. ಹೀಗೆ ದೇಹದ ರಸಾಯನದಲ್ಲೇ ಹುಟ್ಟಿನಿಂದ ಒಂದು ದೋಷ ಇರಬಹುದು, ಅದು ಮೆಂಡಲ್‌ನ ಬಟಾಣಿ ಲೆಕ್ಕದಂತೆ ವಂಶದಲ್ಲಿ ಇಳಿದು ಬರಬಹುದು ಎಂದು ಮೊದಲು ತೋರಿಸಿದವರು ಲಂಡನ್ನಿನ ವೈದ್ಯ ಆರ್ಚಿಬಾಲ್ಡ್ ಗ್ಯಾರಡ್. ಬಯಾಲಜಿ ಪುಸ್ತಕದಲ್ಲಿ ಇವರಿಗೆ ಸಿಗೋದು ಒಂದೆರಡು ಸಾಲು. ಅದಕ್ಕೇ ಈ ಲೇಖನ.

ಗ್ಯಾರಡ್ ಹುಟ್ಟಿದ್ದು 1857ರ ನವೆಂಬರ್ 25ರಂದು, ಲಂಡನ್ನಿನಲ್ಲಿ. ಅಪ್ಪ ಆಲ್ಫ್ರೆಡ್ ಬೇರಿಂಗ್ ಗ್ಯಾರಡ್ ಆಗಲೇ ಹೆಸರು ಮಾಡಿದ್ದ ವೈದ್ಯರು. ಗೌಟ್ ಇರುವವರ ರಕ್ತದಲ್ಲಿ ಯೂರಿಕ್ ಆಮ್ಲ ಹೆಚ್ಚಿರುತ್ತೆ ಎಂದು ಒಂದು ನೂಲಿನ ಎಳೆಯಿಂದ ತೋರಿಸಿದವರು ಅವರೇ: ರೋಗಿಯ ರಕ್ತದ ದ್ರವಕ್ಕೆ ಸ್ವಲ್ಪ ಆಮ್ಲ ಬೆರೆಸಿ ನೂಲು ಇಳಿಬಿಟ್ಟರೆ, ಅದರ ಮೇಲೆ ಹರಳು ಕಟ್ಟಿಕೊಳ್ಳುತ್ತಿತ್ತು. ಇಂಥ ಮನೆಯಲ್ಲಿ ಬೆಳೆದ ಹುಡುಗನಿಗೆ ರೋಗಿಯ ಹಾಸಿಗೆಯೂ ಟೆಸ್ಟ್ ಟ್ಯೂಬೂ ಬೇರೆ ಬೇರೆ ಲೋಕ ಅಂತ ಅನ್ನಿಸಲೇ ಇಲ್ಲ. ಶಾಲೆಯಲ್ಲಿ ಗ್ರೀಕ್, ಲ್ಯಾಟಿನ್ ತಲೆಗೆ ಹತ್ತಲಿಲ್ಲ. ಆಕ್ಸ್‌ಫರ್ಡ್‌ನಲ್ಲಿ ವಿಜ್ಞಾನ ಓದಿ ಫಸ್ಟ್ ಕ್ಲಾಸ್ ತಗೊಂಡರು. ಆಮೇಲೆ ಲಂಡನ್ನಿನ ಸೇಂಟ್ ಬಾರ್ಥೊಲೊಮ್ಯೂ ಆಸ್ಪತ್ರೆಯಲ್ಲಿ ವೈದ್ಯ ಶಿಕ್ಷಣ, ಮಧ್ಯೆ ಸ್ವಲ್ಪ ಕಾಲ ವಿಯೆನ್ನಾ. 1886ರಲ್ಲಿ ಮದುವೆ.

ಅದೇ ಆಸ್ಪತ್ರೆಯಲ್ಲಿ ಪೂರ್ಣ ದರ್ಜೆಯ ವೈದ್ಯನ ಹುದ್ದೆ ಸಿಕ್ಕಿದ್ದು ಯಾವಾಗ ಗೊತ್ತಾ? 1912ರಲ್ಲಿ, ಐವತ್ತು ದಾಟಿದ ಮೇಲೆ. ಪ್ರಮೋಷನ್ ಬರಲಿಲ್ಲ ಅಂತ ಕೊರಗೋರು ಇದನ್ನು ನೆನಪಿಟ್ಟುಕೊಳ್ಳಬಹುದು. ಅವರ ದೊಡ್ಡ ಕೆಲಸವೆಲ್ಲ ಆ ಕಾಯುವಿಕೆಯ ವರ್ಷಗಳಲ್ಲೇ ಆಯಿತು.

ಗ್ಯಾರಡ್‌ಗೆ ಬಣ್ಣಗಳ ಹುಚ್ಚು. ಮೂತ್ರಕ್ಕೆ ಬಣ್ಣ ಕೊಡೋ ವಸ್ತುಗಳು ಯಾವುವು ಎಂದು ಸ್ಪೆಕ್ಟ್ರೋಸ್ಕೋಪ್ ಹಿಡಿದು ನೋಡುತ್ತಾ ಕೂತಿರುತ್ತಿದ್ದರು. ಮುಂದೆ ವಿಟಮಿನ್ ಕೆಲಸಕ್ಕೆ ನೊಬೆಲ್ ಪಡೆದ ಫ್ರೆಡರಿಕ್ ಗೌಲ್ಯಾಂಡ್ ಹಾಪ್ಕಿನ್ಸ್ ಈ ಕೆಲಸದಲ್ಲಿ ಜೊತೆಗಿದ್ದರು. ಜನಕ್ಕೆ ಹೇಸಿಗೆ ಅನ್ನಿಸೋ ವಸ್ತು ಇವರಿಗೆ ದೇಹದ ಒಳಗಿಂದ ಬರೋ ವರದಿ. ನಮ್ಮ ಭಾಷೆಯಲ್ಲಿ ಹೇಳಬೇಕಂದ್ರೆ ಲಾಗ್ ಫೈಲ್.

1890ರ ದಶಕದ ಕೊನೆಯಲ್ಲಿ ಅವರ ಹತ್ತಿರ ಒಂದು ಎಳೆ ಕೂಸು ಬಂತು. ಗಂಡು ಮಗು, ವೈದ್ಯಕೀಯ ಬರಹಗಳಲ್ಲಿ ಥಾಮಸ್ ಪಿ. ಎಂದಷ್ಟೇ ಹೆಸರು. ಮಗು ಒದ್ದೆ ಮಾಡಿಕೊಂಡ ಬಟ್ಟೆ ಕಂದು ಕಪ್ಪು ಬಣ್ಣಕ್ಕೆ ತಿರುಗುತ್ತಿತ್ತು. ಇದಕ್ಕೆ ಆಲ್ಕಾಪ್ಟನೂರಿಯ ಅಂತ ಹೆಸರು ಆಗಲೇ ಇತ್ತು. ಮೂತ್ರದಲ್ಲಿ ಹೋಮೋಜೆಂಟಿಸಿಕ್ ಆಮ್ಲ ಇರುತ್ತೆ, ಗಾಳಿಗೆ ಬಿಟ್ಟರೆ ಅದು ಕಪ್ಪಾಗುತ್ತೆ ಅನ್ನೋದೂ ತಿಳಿದಿತ್ತು. ಆದರೆ ಯಾಕೆ? ಕರುಳಲ್ಲಿ ಯಾವುದೋ ಸೂಕ್ಷ್ಮಾಣು ಸೇರಿಕೊಂಡಿದೆ ಅನ್ನೋದು ಆಗಿನ ಬಹುಮತ. ಅದು ಪಾಶ್ಚರ್, ಕಾಖ್‌ರ ಕಾಲ ನೋಡಿ, ಎಲ್ಲದಕ್ಕೂ ಸೂಕ್ಷ್ಮಾಣುವೇ ಕಾರಣ.

ಗ್ಯಾರಡ್‌ಗೆ ಇದು ಸರಿ ಕಾಣಲಿಲ್ಲ. ಸೋಂಕು ಆಗಿದ್ದರೆ ಯಾವುದೋ ವಯಸ್ಸಲ್ಲಿ ಶುರುವಾಗಬೇಕು, ಹೆಚ್ಚು ಕಡಿಮೆ ಆಗಬೇಕು, ಮನೆಯವರಿಗೆಲ್ಲ ಅಂಟಬೇಕು. ಇಲ್ಲಿ ಹಾಗಿಲ್ಲ. ಅಣ್ಣ ತಮ್ಮಂದಿರಲ್ಲಿ ಒಬ್ಬನಿಗೆ ಇದೆ, ಇನ್ನೊಬ್ಬನಿಗೆ ಇಲ್ಲ. ಇದ್ದವನಿಗೆ ಜೀವನಪೂರ್ತಿ ಇದೆ, ಇಲ್ಲದವನಿಗೆ ಚೂರೂ ಇಲ್ಲ. ಮಧ್ಯದ ಸ್ಥಿತಿ ಅನ್ನೋದೇ ಇಲ್ಲ, ಸೊನ್ನೆ ಅಥವಾ ಒಂದು.

ಪರೀಕ್ಷೆ ಮಾಡೋಕೆ ಒಂದು ಅವಕಾಶ ತಾನಾಗೇ ಬಂತು. ಥಾಮಸ್‌ನ ತಾಯಿ ಮತ್ತೆ ಬಸುರಿ. 1901ರಲ್ಲಿ ಐದನೇ ಮಗು ಹುಟ್ಟಿದಾಗ, ಮೊದಲ ಗಳಿಗೆಯಿಂದಲೇ ಮಗುವಿನ ಬಟ್ಟೆಗಳನ್ನು ಗಮನಿಸಬೇಕೆಂದು ಗ್ಯಾರಡ್ ಹೇಳಿಟ್ಟಿದ್ದರು. ಸುಮಾರು ಎರಡು ದಿನ ಕಳೆಯೋ ಹೊತ್ತಿಗೆ ಬಟ್ಟೆ ಮೇಲೆ ಕಲೆ ಕಾಣಿಸಿತು. ದೋಷ ಹುಟ್ಟಿನ ಜೊತೆಗೇ ಬಂದದ್ದು ಅನ್ನೋಕೆ ಇದಕ್ಕಿಂತ ಒಳ್ಳೆ ಸಾಕ್ಷಿ ಆಗ ಸಿಗೋ ಹಾಗಿರಲಿಲ್ಲ. ಕೋಟಿಗಟ್ಟಲೆ ಬೆಲೆಯ ಯಂತ್ರ ಇಲ್ಲ, ಒಂದು ಮಗುವಿನ ಬಟ್ಟೆ, ಒಂದು ಗಡಿಯಾರ, ಅಷ್ಟೇ. ನನಗಂತೂ ಅವರ ಇಡೀ ಜೀವನದಲ್ಲಿ ತುಂಬಾ ಇಷ್ಟವಾದ ಪ್ರಯೋಗ ಇದೇ.

ಇನ್ನೊಂದು ವಿಷಯವೂ ಕಣ್ಣಿಗೆ ಬಿತ್ತು. ಆ ಮಗುವಿನ ಅಪ್ಪ ಅಮ್ಮ ಇಬ್ಬರಿಗೂ ಕಾಯಿಲೆ ಇಲ್ಲ. ಆದರೆ ಅವರಿಬ್ಬರೂ ರಕ್ತಸಂಬಂಧಿಗಳು, ಒಡಹುಟ್ಟಿದವರ ಮಕ್ಕಳು. ಬೇರೆ ಆಲ್ಕಾಪ್ಟನೂರಿಯ ಕುಟುಂಬಗಳನ್ನು ವಿಚಾರಿಸಿದರೆ ಅಲ್ಲೂ ಅದೇ ಕಥೆ ಮತ್ತೆ ಮತ್ತೆ ಸಿಕ್ಕಿತು. ಇಂಗ್ಲೆಂಡಿನಲ್ಲಿ ಅಂಥ ಮದುವೆಗಳು ಅಪರೂಪ, ಹಾಗಾಗಿ ಇದನ್ನು ಕಾಕತಾಳೀಯ ಅನ್ನೋಕಾಗಲ್ಲ. ಕೇಂಬ್ರಿಡ್ಜ್‌ನ ವಿಲಿಯಂ ಬೇಟ್ಸನ್ ಇದನ್ನು ಓದಿದರು. ಮೆಂಡಲ್‌ನ ಮರೆತುಹೋಗಿದ್ದ ಲೇಖನ 1900ರಲ್ಲಷ್ಟೇ ಮತ್ತೆ ಬೆಳಕಿಗೆ ಬಂದಿತ್ತು. ಬೇಟ್ಸನ್ ಅದರ ದೊಡ್ಡ ಪ್ರಚಾರಕರು. ಈ ಲೆಕ್ಕ ಮೆಂಡಲ್ ಹೇಳಿದ ಅಪ್ರಬಲ ಗುಣಕ್ಕೆ ಸರಿಯಾಗಿ ಹೊಂದುತ್ತೆ ಎಂದು ಅವರು ಹಿಡಿದರು. ತಂದೆ ತಾಯಿ ಇಬ್ಬರಲ್ಲೂ ದೋಷದ ಒಂದೊಂದು ಪ್ರತಿ ಅಡಗಿರುತ್ತೆ, ಎರಡೂ ಸೇರಿದ ಮಗುವಿನಲ್ಲಿ ಮಾತ್ರ ಕಾಯಿಲೆ ಕಾಣಿಸುತ್ತೆ. 1902ರಲ್ಲಿ ಗ್ಯಾರಡ್ ಇದನ್ನೆಲ್ಲ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದರು. ಮನುಷ್ಯನ ಕಾಯಿಲೆಯೊಂದಕ್ಕೆ ಮೆಂಡಲ್‌ನ ನಿಯಮ ಅನ್ವಯಿಸಿದ್ದು ಅದೇ ಮೊದಲು.

ಇಲ್ಲಿ ಸ್ವಲ್ಪ ನಮ್ಮ ಊರಿನ ಕಡೆ ನೋಡೋಣ. ಒಡಹುಟ್ಟಿದವರ ಮಕ್ಕಳ ನಡುವೆ ವಂಶವಾಹಿಗಳಲ್ಲಿ ಸರಾಸರಿ ಎಂಟನೇ ಒಂದು ಭಾಗ ಒಂದೇ ಮೂಲದ್ದು. ನಮ್ಮಲ್ಲಿ ಸೋದರಮಾವನಿಗೆ ಅಕ್ಕನ ಮಗಳನ್ನು ಕೊಡ್ತಾರಲ್ಲ, ಅಲ್ಲಿ ಅದು ನಾಲ್ಕನೇ ಒಂದು ಭಾಗ. ಗ್ಯಾರಡ್ ನೋಡಿದ್ದಕ್ಕಿಂತ ಎರಡು ಪಟ್ಟು. 1980ರ ದಶಕದಲ್ಲಿ ಬೆಂಗಳೂರು, ಮೈಸೂರುಗಳಲ್ಲಿ ನವಜಾತ ಶಿಶುಗಳಲ್ಲಿ ಅಮೈನೋ ಆಮ್ಲದ ದೋಷಗಳನ್ನು ಹುಡುಕುವ ದೊಡ್ಡ ಅಧ್ಯಯನ ನಡೆದಾಗ, ಅಪ್ಪ ಅಮ್ಮಂದಿರ ಮದುವೆಗಳಲ್ಲಿ ಸುಮಾರು ಮೂರನೇ ಒಂದು ಭಾಗ ಸಂಬಂಧದೊಳಗೇ ಆದವು ಎಂದು ಕಂಡುಬಂತು. ಸಂಬಂಧದಲ್ಲಿ ಮದುವೆಯಾದ ಎಲ್ಲರ ಮಕ್ಕಳಿಗೂ ಕಾಯಿಲೆ ಬರುತ್ತೆ ಅಂತಲ್ಲ, ಬಹಳಷ್ಟು ಮಕ್ಕಳು ಚೆನ್ನಾಗೇ ಇರ್ತಾರೆ. ಆದರೆ ಮನೆತನದಲ್ಲಿ ಇಂಥ ಕಾಯಿಲೆ ಒಂದು ಸಲ ಕಂಡಿದ್ದರೆ ಮದುವೆ ಮಾತಿಗೆ ಮುಂಚೆ ಡಾಕ್ಟರ ಹತ್ತಿರ ಕೇಳೋದು ಒಳ್ಳೇದು. ಜಾತಕ ನೋಡೋ ಹೊತ್ತಲ್ಲಿ ಇದೂ ಆಗಲಿ.

1908ರಲ್ಲಿ ಗ್ಯಾರಡ್ ಲಂಡನ್ನಿನ ವೈದ್ಯರ ರಾಯಲ್ ಕಾಲೇಜಿನಲ್ಲಿ ಕ್ರೂನಿಯನ್ ಉಪನ್ಯಾಸ ಕೊಟ್ಟರು, ಮರುವರ್ಷ ಅದು ಪುಸ್ತಕವಾಯಿತು. ಅದರಲ್ಲಿ ನಾಲ್ಕು ಕಾಯಿಲೆಗಳು: ಆಲ್ಕಾಪ್ಟನೂರಿಯ, ಸಿಸ್ಟಿನೂರಿಯ, ಪೆಂಟೋಸೂರಿಯ, ಮತ್ತೆ ಚರ್ಮ ಕೂದಲು ಬೆಳ್ಳಗಾಗುವ ಆಲ್ಬಿನಿಸಂ. ವಾದ ತುಂಬಾ ಸರಳ. ನಾವು ತಿಂದ ಆಹಾರ ದೇಹದಲ್ಲಿ ಹಂತ ಹಂತವಾಗಿ ಒಡೆಯುತ್ತೆ. ಪ್ರತಿ ಹಂತಕ್ಕೂ ಒಂದು ಕಿಣ್ವ ಬೇಕು. ಅಸೆಂಬ್ಲಿ ಲೈನಿನಲ್ಲಿ ಒಂದು ಯಂತ್ರ ಕೆಟ್ಟರೆ ಅದರ ಹಿಂದಿನ ಮಾಲು ಅಲ್ಲೇ ರಾಶಿ ಬೀಳುತ್ತಲ್ಲ, ಹಾಗೆ ಕಿಣ್ವ ಇಲ್ಲದಿದ್ದರೆ ಅದರ ಹಿಂದಿನ ವಸ್ತು ಸೇರಿಕೊಂಡು ಮೂತ್ರದಲ್ಲಿ ಹೊರಗೆ ಬರುತ್ತೆ. ಅಂದರೆ ವಂಶವಾಹಿಗೂ ಕಿಣ್ವಕ್ಕೂ ಸಂಬಂಧ ಇದೆ. ಡಿಎನ್‌ಎ ರಚನೆ ಗೊತ್ತಾಗೋಕೆ ಇನ್ನೂ 44 ವರ್ಷ ಇತ್ತು ಅನ್ನೋದು ನೆನಪಿರಲಿ.

ಸಿಸ್ಟಿನೂರಿಯದ ವಿಷಯದಲ್ಲಿ ಮಾತ್ರ ಗ್ಯಾರಡ್ ಅರ್ಧ ತಪ್ಪಿದರು. ಇದರ ಕಲ್ಲನ್ನು 1810ರಲ್ಲೇ ವೊಲಾಸ್ಟನ್ ಎಂಬ ರಸಾಯನ ವಿಜ್ಞಾನಿ ಗುರುತಿಸಿದ್ದರು. ಮೈಕ್ರೋಸ್ಕೋಪ್ ಕೆಳಗೆ ಇದರ ಹರಳು ಆರು ಮೂಲೆಯ ಚಪ್ಪಟೆ ಬಿಲ್ಲೆ, ನಟ್ ಇದ್ದ ಹಾಗೆ. ಇಲ್ಲೂ ಆಹಾರ ಒಡೆಯುವ ಹಂತವೇ ಕೆಟ್ಟಿದೆ ಎಂದು ಗ್ಯಾರಡ್ ಅಂದುಕೊಂಡರು. ನಿಜವಾಗಿ ಕೆಟ್ಟಿರೋದು ಕಿಡ್ನಿಯ ಸಣ್ಣ ನಾಳಗಳಲ್ಲಿ. ಕಿಡ್ನಿ ರಕ್ತವನ್ನು ಸೋಸುವಾಗ ಅಮೈನೋ ಆಮ್ಲಗಳೂ ಆಚೆ ಬರುತ್ತವೆ, ನಾಳದ ಗೋಡೆ ಅವನ್ನು ಮತ್ತೆ ಒಳಕ್ಕೆ ಎಳೆದುಕೊಳ್ಳಬೇಕು. ಈ ರೋಗಿಗಳಲ್ಲಿ ಸಿಸ್ಟಿನ್, ಲೈಸಿನ್, ಆರ್ಜಿನಿನ್, ಆರ್ನಿಥಿನ್ ಈ ನಾಲ್ಕನ್ನು ಎಳೆಯೋ ಪಂಪ್ ಕೆಲಸ ಮಾಡಲ್ಲ. ಉಳಿದ ಮೂರು ನೀರಲ್ಲಿ ಕರಗಿ ಹೋಗುತ್ತವೆ, ಸಿಸ್ಟಿನ್ ಕರಗದೆ ಕಲ್ಲಾಗುತ್ತೆ. ಇದನ್ನು ಡೆಂಟ್ ಮತ್ತು ರೋಸ್ ಮುಂದಿಟ್ಟದ್ದು 1951ರಲ್ಲಿ. ಕಾರಣವಾದ ವಂಶವಾಹಿಗಳು ಕೈಗೆ ಸಿಕ್ಕಿದ್ದು 1990ರ ದಶಕದಲ್ಲಿ. ಕಾರಣದ ಜಾಗ ತಪ್ಪಿದರೂ, ಹುಟ್ಟಿನಿಂದಲೇ ಬರುವ ಪಿತ್ರಾರ್ಜಿತ ದೋಷ ಅಂತ ಗ್ಯಾರಡ್ ಹೇಳಿದ್ದು ನಿಂತಿತು.

ಇಷ್ಟೆಲ್ಲ ಆದರೂ ಜಗತ್ತು ಚಪ್ಪಾಳೆ ತಟ್ಟಲಿಲ್ಲ. ವೈದ್ಯರಿಗೆ ಇವೆಲ್ಲ ಲಕ್ಷಕ್ಕೊಬ್ಬರಿಗೆ ಬರೋ ವಿಚಿತ್ರಗಳು. ತಳಿವಿಜ್ಞಾನಿಗಳಿಗೆ ರಸಾಯನ ಬೇಡ, ರಸಾಯನದವರಿಗೆ ತಳಿ ಬೇಡ. ಪುಸ್ತಕ 1923ರಲ್ಲಿ ಎರಡನೇ ಮುದ್ರಣ ಕಂಡಿತು, ಅಷ್ಟೇ.

ಮನೆಯಲ್ಲಿ ಅದಕ್ಕಿಂತ ದೊಡ್ಡ ಕತ್ತಲೆ ಕವಿಯಿತು. ಮೊದಲ ಮಹಾಯುದ್ಧ ಶುರುವಾದಾಗ ಗ್ಯಾರಡ್‌ಗೆ ಮೂವರು ಗಂಡುಮಕ್ಕಳು, ಒಬ್ಬಳು ಮಗಳು. ಒಬ್ಬ ಮಗ 1915ರಲ್ಲಿ ಯುದ್ಧದ ಗಾಯದಿಂದ ತೀರಿಕೊಂಡ. ಸೇನೆಯಲ್ಲಿ ಡಾಕ್ಟರ್ ಆಗಿದ್ದ ಇನ್ನೊಬ್ಬ 1916ರಲ್ಲಿ ಹೋದ. ಕೊನೆಯವನ ಹೆಸರು ಬೇಸಿಲ್ ರಾಹೀರ್. ರಾಹೀರ್ ಅಂದರೆ ತಾವು ದುಡಿದ ಆಸ್ಪತ್ರೆಯನ್ನು 1123ರಲ್ಲಿ ಸ್ಥಾಪಿಸಿದವನ ಹೆಸರು, ಅದನ್ನೇ ಮಗನಿಗೆ ಇಟ್ಟಿದ್ದರು. ಯುದ್ಧ ಮುಗಿಯಿತು, ಈ ಮಗನಾದರೂ ಉಳಿದ ಅನ್ನುವಷ್ಟರಲ್ಲಿ 1919ರಲ್ಲಿ ಇನ್‌ಫ್ಲುಯೆಂಜಾ ಬಂದು ಜರ್ಮನಿಯ ಕೊಲೋನ್‌ನಲ್ಲಿ ಅವನೂ ಹೋದ. ಆ ವರ್ಷಗಳಲ್ಲಿ ಗ್ಯಾರಡ್ ಮಾಲ್ಟಾ ದ್ವೀಪದಲ್ಲಿ ಬೇರೆಯವರ ಮಕ್ಕಳಿಗೆ, ಗಾಯಗೊಂಡ ಸೈನಿಕರಿಗೆ ಚಿಕಿತ್ಸೆ ಮಾಡುತ್ತಿದ್ದರು. 1918ರಲ್ಲಿ ಸರ್ ಪದವಿ ಬಂತು. ಅದನ್ನು ಯಾವ ಮನಸ್ಸಿನಿಂದ ತಗೊಂಡಿರಬಹುದು, ಊಹಿಸೋದು ಕಷ್ಟ.

1920ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ವಿಲಿಯಂ ಆಸ್ಲರ್ ಅವರ ನಂತರದ ರೀಜಿಯಸ್ ಪ್ರೊಫೆಸರ್ ಆದರು, 1927ರವರೆಗೆ ಅಲ್ಲಿದ್ದರು. 1931ರಲ್ಲಿ ಕೊನೆಯ ಪುಸ್ತಕ ಬಂತು. ಇಬ್ಬರ ಮುಖ ಒಂದೇ ಥರ ಇರಲ್ಲ ಹಾಗೆ ಇಬ್ಬರ ರಸಾಯನವೂ ಒಂದೇ ಥರ ಇರಲ್ಲ, ಅದಕ್ಕೇ ಒಂದೇ ಕಾಯಿಲೆ ಒಬ್ಬರನ್ನು ಹಿಡಿದು ಇನ್ನೊಬ್ಬರನ್ನು ಬಿಡುತ್ತೆ ಅನ್ನೋದು ಅದರ ತಿರುಳು. ಈಗ ರೋಗಿಯ ಜೀನೋಮ್ ನೋಡಿ ಔಷಧಿ ಕೊಡೋ ಮಾತು ಎಲ್ಲ ಕಡೆ ಇದೆಯಲ್ಲ, ಬೇರು ಇಲ್ಲಿದೆ.

1936ರ ಮಾರ್ಚ್ 28ರಂದು ಕೇಂಬ್ರಿಡ್ಜ್‌ನಲ್ಲಿ ತೀರಿಕೊಂಡರು. ಐದು ವರ್ಷದ ನಂತರ ಅಮೆರಿಕದಲ್ಲಿ ಬೀಡಲ್ ಮತ್ತು ಟೇಟಮ್ ಬ್ರೆಡ್ಡಿನ ಬೂಷ್ಟಿನ ಮೇಲೆ ಪ್ರಯೋಗ ಮಾಡಿ ಒಂದೊಂದು ಕಿಣ್ವದ ಹಿಂದೆ ಒಂದೊಂದು ವಂಶವಾಹಿ ಇದೆ ಎಂದು ತೋರಿಸಿದರು, 1958ರಲ್ಲಿ ನೊಬೆಲ್ ಪಡೆದರು. ಈ ಮಾತನ್ನು ಗ್ಯಾರಡ್ ಮೊದಲೇ ಹೇಳಿದ್ದರು ಎಂದು ಬೀಡಲ್ ಎಲ್ಲರೆದುರು ಒಪ್ಪಿಕೊಂಡರು. ಅದೇ 1958ರಲ್ಲಿ ಆಲ್ಕಾಪ್ಟನೂರಿಯ ರೋಗಿಯ ಯಕೃತ್ತಿನಲ್ಲಿ ಗ್ಯಾರಡ್ ಹೇಳಿದ್ದ ಕಿಣ್ವ ಇಲ್ಲ ಅನ್ನೋದೂ ಪರೀಕ್ಷೆಯಿಂದ ಖಚಿತವಾಯಿತು.

ಉಳಿದ ಒಬ್ಬಳೇ ಮಗಳು ಡೊರೊತಿ ಗ್ಯಾರಡ್ ಅಪ್ಪನ ದಾರಿ ಹಿಡಿಯಲಿಲ್ಲ, ಮಣ್ಣು ಅಗೆಯೋಕೆ ಹೋದರು. ಪ್ಯಾಲೆಸ್ತೀನಿನ ಕಾರ್ಮೆಲ್ ಬೆಟ್ಟದ ಗುಹೆಗಳಲ್ಲಿ ಹಳೆ ಶಿಲಾಯುಗದ ಮನುಷ್ಯರ ಕುರುಹು ಹುಡುಕಿದರು. 1939ರಲ್ಲಿ ಕೇಂಬ್ರಿಡ್ಜ್‌ನ ಮೊಟ್ಟಮೊದಲ ಮಹಿಳಾ ಪ್ರೊಫೆಸರ್ ಆದರು, ಅಲ್ಲಿ ಹೆಣ್ಣುಮಕ್ಕಳಿಗೆ ಪೂರ್ತಿ ಡಿಗ್ರಿ ಕೊಡೋಕೆ ಇನ್ನೂ ಒಂಬತ್ತು ವರ್ಷ ಬಾಕಿ ಇದ್ದಾಗ. ಅದನ್ನು ನೋಡೋಕೆ ಅಪ್ಪ ಇರಲಿಲ್ಲ.