ಕೈ ಹಿಡಿದು ಕಲಿಸಿದ ಗುರು ಎಡ್ವರ್ಡ್ ಸೆಗ್ವಿನ್

ಹೇಳಿದ್ದನ್ನು ಬೇಗನೆ ಗ್ರಹಿಸುವ ಮಕ್ಕಳಿಗೆ ಪಾಠ ಹೇಳುವುದು ಯಾವ ಗುರುವಿಗಾದರೂ ಸಂತೋಷದ ಕೆಲಸ. ಆದರೆ ಆಡಿದ ಮಾತು ತಿಳಿಯದ, ಕೊಟ್ಟ ವಸ್ತುವನ್ನು ಹಿಡಿಯಲಾರದ, ತನ್ನ ಅಂಗಿಯ ಗುಂಡಿಯನ್ನೂ ಹಾಕಿಕೊಳ್ಳಲಾರದ ವ್ಯಕ್ತಿಗೆ ಕಲಿಸುವವರಾರು? ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ, ಅಂಥವರಿಗೆ ಏನನ್ನೂ ಕಲಿಸಲು ಸಾಧ್ಯವಿಲ್ಲವೆಂದು ಯುರೋಪಿನ ಹೆಸರಾಂತ ವೈದ್ಯರೇ ಕೈಚೆಲ್ಲಿ ಕುಳಿತಿದ್ದರು. ಸಾಧ್ಯವಿದೆ ಎಂದು ತನ್ನ ಬಾಳಿನಿಂದಲೇ ತೋರಿಸಿಕೊಟ್ಟವರು ಎಡ್ವರ್ಡ್ ಸೆಗ್ವಿನ್.

ಸೆಗ್ವಿನ್ 1812ರ ಜನವರಿ 20ರಂದು ಫ್ರಾನ್ಸ್ ದೇಶದ ಕ್ಲಾಮ್ಸಿ ಎಂಬ ಸಣ್ಣ ಊರಿನಲ್ಲಿ ಹುಟ್ಟಿದರು. ತಂದೆ ವೈದ್ಯರು. ಮಗನೂ ಓದಿಗಾಗಿ ಪ್ಯಾರಿಸ್ ಸೇರಿದರು. ಅಲ್ಲಿ ಅವರಿಗೆ ದೊರೆತ ಗುರುವೇ ಇತಾರ್ ಎಂಬ ವೈದ್ಯ.

ಇತಾರ್ ಅವರ ಹೆಸರು ಆಗಲೇ ಪ್ರಸಿದ್ಧವಾಗಿತ್ತು. 1800ರಲ್ಲಿ ದಕ್ಷಿಣ ಫ್ರಾನ್ಸಿನ ಕಾಡಿನ ಕಡೆಯಿಂದ ಒಬ್ಬ ಹುಡುಗ ಸಿಕ್ಕಿದ್ದ. ಮಾತಿಲ್ಲ, ಬಟ್ಟೆಯಿಲ್ಲ, ಮನುಷ್ಯರ ಬಳಕೆಯಿಲ್ಲ. ಅವನಿಗೆ ವಿಕ್ಟರ್ ಎಂದು ಹೆಸರಿಟ್ಟು ಇತಾರ್ ಸುಮಾರು ಐದು ವರ್ಷ ಶ್ರಮಿಸಿದರು. ಹುಡುಗ ಕೆಲವು ಶಬ್ದಗಳನ್ನು ಓದಿ ಗುರುತಿಸಲು ಕಲಿತ. ಮಾತು ಮಾತ್ರ ಬರಲಿಲ್ಲ. ಇತಾರ್ ನಿರಾಶರಾಗಿ ಕೈಬಿಟ್ಟರು. ಆದರೆ ಅವನಿಗೆ ಅನ್ನ ಹಾಕಿ, ಸ್ನಾನ ಮಾಡಿಸಿ, ಜೊತೆಗೆ ತಿರುಗಾಡಿದ ಮೇಡಂ ಗೆರಾಂ ಎಂಬ ತಾಯಿ 1828ರಲ್ಲಿ ಅವನು ತೀರಿಕೊಳ್ಳುವವರೆಗೂ ಅವನನ್ನು ಬಿಡಲಿಲ್ಲ. ಆ ತಾಯಿಯ ಹೆಸರನ್ನೂ ನಾವು ಇಲ್ಲಿ ನೆನೆಯಬೇಕು.

1837ರಲ್ಲಿ, ತಮ್ಮ ಕೊನೆಯ ದಿನಗಳಲ್ಲಿ, ಇತಾರ್ ಇಂತಹದೇ ಒಬ್ಬ ಬಾಲಕನನ್ನು ತರುಣ ಸೆಗ್ವಿನ್‌ಗೆ ಒಪ್ಪಿಸಿದರು. ಹದಿನೆಂಟು ತಿಂಗಳ ಸತತ ದುಡಿಮೆಯಿಂದ ಆ ಬಾಲಕನ ಇಂದ್ರಿಯಗಳು ಚುರುಕಾದವು, ನಾಲಿಗೆ ತಿರುಗಿತು. ಶಿಷ್ಯನ ಧೈರ್ಯ ಇಮ್ಮಡಿಯಾಯಿತು. ಮುಂದೆ ಸೆಗ್ವಿನ್ ಪ್ಯಾರಿಸಿನಲ್ಲಿ ಇಂತಹ ಮಕ್ಕಳಿಗಾಗಿಯೇ ಒಂದು ಶಾಲೆ ತೆರೆದರು. 1842ರಲ್ಲಿ ಬಿಸೆತ್ರ್ ಎಂಬ ದೊಡ್ಡ ಆಸ್ಪತ್ರೆಯ ಮಕ್ಕಳಿಗೆ ಕಲಿಸುವ ಅವಕಾಶವೂ ಒದಗಿತು. ಆದರೆ ಅವರ ಸ್ವಭಾವ ಸ್ವಲ್ಪ ಬಿರುಸು. ಅಲ್ಲಿಯ ವೈದ್ಯರೊಡನೆ ಹೊಂದಿಕೆಯಾಗದೆ ಮರುವರ್ಷವೇ ಹೊರಬರಬೇಕಾಯಿತು. ಎದೆಗುಂದದೆ ತಮ್ಮ ಅನುಭವವನ್ನೆಲ್ಲ ಬರೆದಿಟ್ಟು 1846ರಲ್ಲಿ ದೊಡ್ಡ ಗ್ರಂಥವೊಂದನ್ನು ಪ್ರಕಟಿಸಿದರು.

ಅವರ ಬೋಧನೆಯ ಕ್ರಮವೇನು? ಅದು ಪುಸ್ತಕದಿಂದ ಆರಂಭವಾಗುವುದಿಲ್ಲ, ಮೈಯಿಂದ ಆರಂಭವಾಗುತ್ತದೆ. ಮೊದಲು ಸ್ನಾಯುಗಳು, ಆಮೇಲೆ ಇಂದ್ರಿಯಗಳು, ಅನಂತರ ವಿಚಾರ, ಕೊನೆಗೆ ತನ್ನಿಚ್ಛೆಯಿಂದ ನಡೆಯುವ ಶಕ್ತಿ. ಕೈ ಹಿಡಿಯದಿದ್ದರೆ ಏಣಿ ಹತ್ತಿಸುವುದು. ಶಿಷ್ಯನ ಕೈಯ ಮೇಲೆ ಗುರು ತನ್ನ ಕೈಯಿಟ್ಟು ಮೆಟ್ಟಿಲನ್ನು ಹಿಡಿಸುವುದು. ಕಾಲಿಗೆ ಬಲವಿಲ್ಲದಿದ್ದರೆ ಉಯ್ಯಾಲೆಯಲ್ಲಿ ಕೂರಿಸಿ ಎದುರಿನ ಹಲಗೆಯನ್ನು ಪಾದಗಳಿಂದ ಒದೆಯಿಸುವುದು. ವಸ್ತುಗಳ ಆಕಾರ ತಿಳಿಯಲು ಹಲಗೆಯಲ್ಲಿ ಕೊರೆದ ಗುಳಿಗಳಿಗೆ ಸರಿಹೊಂದುವ ಮರದ ತುಂಡುಗಳನ್ನು ಕೂಡಿಸುವುದು. ಇದೇ ಮಾದರಿಯಿಂದ ಬೆಳೆದ, ಹತ್ತು ತುಂಡುಗಳ ಸೆಗ್ವಿನ್ ಫಲಕವನ್ನು ನಮ್ಮ ದೇಶದ ಮನಶ್ಶಾಸ್ತ್ರಜ್ಞರು ಇಂದಿಗೂ ಪರೀಕ್ಷೆಗೆ ಬಳಸುತ್ತಾರೆ. ಒಂದು ಹೆಜ್ಜೆ ಬಾರದಿದ್ದರೆ ಅದನ್ನು ನಾಲ್ಕು ಸಣ್ಣ ಹೆಜ್ಜೆಗಳಾಗಿ ಒಡೆಯಬೇಕು. ಶಿಷ್ಯ ತಾನೇ ಮಾಡತೊಡಗಿದಾಗ ಗುರು ತನ್ನ ಕೈಯನ್ನು ಮೆಲ್ಲನೆ ಹಿಂತೆಗೆಯಬೇಕು. ಈ ಹಿಂತೆಗೆಯುವಿಕೆಯೇ ಎಲ್ಲಕ್ಕಿಂತ ಕಷ್ಟದ ವಿದ್ಯೆಯೆಂದು ನಮಗೆ ತೋರುತ್ತದೆ.

1848ರ ಕ್ರಾಂತಿಯ ಬಳಿಕ ಸೆಗ್ವಿನ್ ಸ್ವದೇಶವನ್ನು ತೊರೆದು ಅಮೆರಿಕೆಗೆ ಹೋದರು. ಬಾಸ್ಟನ್ ನಗರದಲ್ಲಿ ಹೌ, ನ್ಯೂಯಾರ್ಕ್ ರಾಜ್ಯದಲ್ಲಿ ವಿಲ್ಬರ್ ಮೊದಲಾದವರು ಸ್ಥಾಪಿಸಿದ ಶಾಲೆಗಳಿಗೆ ಮಾರ್ಗದರ್ಶಕರಾದರು. ನಡುವಯಸ್ಸು ದಾಟುವ ಹೊತ್ತಿನಲ್ಲಿ, 1861ರಲ್ಲಿ, ವೈದ್ಯಪದವಿ ಪಡೆದರು. 1866ರಲ್ಲಿ ಅವರ ಇಂಗ್ಲಿಷ್ ಗ್ರಂಥ ಹೊರಬಂದಿತು. 1876ರಲ್ಲಿ ಈ ಕ್ಷೇತ್ರದವರೆಲ್ಲ ಸೇರಿ ಕಟ್ಟಿದ ಸಂಘಕ್ಕೆ ಅವರೇ ಮೊದಲ ಅಧ್ಯಕ್ಷರು. ಆ ಸಂಘ ಬೇರೆ ಹೆಸರಿನಿಂದ ಈಗಲೂ ನಡೆಯುತ್ತಿದೆ. 1880ರ ಅಕ್ಟೋಬರ್ 28ರಂದು ಅವರು ನ್ಯೂಯಾರ್ಕಿನಲ್ಲಿ ನಿಧನರಾದರು. ಪತ್ನಿ ಎಲ್ಸಿ ಅವರ ಶಾಲೆಯನ್ನು ಮುನ್ನಡೆಸಿದರು.

ಅವರ ಬಳಿಕ ಕಂಡ ಚಿತ್ರ ಸುಂದರವಾದುದಲ್ಲ. ಕಲಿಸಿ ಮನೆಗೆ ಕಳುಹಿಸಲೆಂದು ಹುಟ್ಟಿದ ಶಾಲೆಗಳು ಅಮೆರಿಕದಲ್ಲಿ ಸಾವಿರಾರು ಜನರನ್ನು ಬಾಳಿಡೀ ಕೂಡಿಹಾಕುವ ದೊಡ್ಡ ಕಟ್ಟಡಗಳಾದವು. ಆದರೂ ಬೀಜ ಒಣಗಲಿಲ್ಲ. ರೋಮ್ ನಗರದ ತರುಣ ವೈದ್ಯೆ ಮರಿಯಾ ಮಾಂಟೆಸ್ಸರಿ ಸೆಗ್ವಿನ್ ಅವರ ಬರಹಗಳನ್ನು ತಮ್ಮ ಕೈಯಾರೆ ಇಟಾಲಿಯನ್ ಭಾಷೆಗೆ ಬರೆದುಕೊಂಡು ಅಭ್ಯಾಸ ಮಾಡಿದರು. 1907ರಲ್ಲಿ ಬಡಮಕ್ಕಳ ಶಾಲೆ ತೆರೆದಾಗ ಆ ಕ್ರಮವನ್ನೇ ಬೆಳೆಸಿದರು. 1939ರಲ್ಲಿ ಭಾರತಕ್ಕೆ ಬಂದ ಅವರು ಯುದ್ಧಕಾಲವನ್ನು ಮದರಾಸಿನ ಅಡ್ಯಾರಿನಲ್ಲೂ ಕೊಡೈಕನಾಲಿನಲ್ಲೂ ಕಳೆದು ಅನೇಕ ಶಿಕ್ಷಕರನ್ನು ತರಬೇತುಗೊಳಿಸಿದರು. ಇಂದು ನಮ್ಮ ಶಿಶುವಿಹಾರಗಳ ಮಕ್ಕಳು ಮರದ ತುಂಡುಗಳೊಡನೆ ಆಡುವಾಗ ಸೆಗ್ವಿನ್ ಅವರ ಶಿಷ್ಯರ ಋಣ ಅಲ್ಲಿದೆ.

ಈ ಜೀವನ ನಮ್ಮ ಕಾಸರಗೋಡಿಗೆ ದೂರದ್ದಲ್ಲ. 1970ರ ದಶಕದ ಕೊನೆಯಿಂದ 2000ದವರೆಗೆ ಇಲ್ಲಿಯ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದ ಕತೆ ನಮಗೆಲ್ಲ ತಿಳಿದದ್ದೇ. ಎಣ್ಮಕಜೆಯೇ ಮೊದಲಾದ ಊರುಗಳ ಮನೆಗಳಲ್ಲಿ ಅಂದಿನ ಮಕ್ಕಳು ಇಂದು ದೊಡ್ಡವರಾಗಿದ್ದಾರೆ; ಅವರಿಗೆ ಉಣಿಸುವ ತಾಯಂದಿರು ಮುದುಕಿಯರಾಗುತ್ತಿದ್ದಾರೆ. ನಮ್ಮ ಬಳಿಕ ಯಾರು ಎಂಬುದು ಅವರ ಚಿಂತೆ. ಪಂಚಾಯತುಗಳ ಬಡ್ಸ್ ಶಾಲೆಗಳಲ್ಲೂ, ವಯಸ್ಕರ ಪುನರ್ವಸತಿ ಕೇಂದ್ರಗಳಲ್ಲೂ ತಟ್ಟೆ ತೊಳೆಯುವುದು, ಗುಂಡಿ ಹಾಕುವುದು, ಕಾಗದದ ಚೀಲ ಅಂಟಿಸುವುದು ಮುಂತಾದವನ್ನು ಕಲಿಸುವ ಶಿಕ್ಷಕಿಯರು ಸೆಗ್ವಿನ್ ಅವರ ದಾರಿಯಲ್ಲೇ ನಡೆಯುತ್ತಿದ್ದಾರೆ. ನಲವತ್ತರ ಹರೆಯದವನು ತನ್ನ ಕೈಯಿಂದ ತುತ್ತೆತ್ತಿ ಉಂಡರೆ ಅದು ಸಣ್ಣ ಸಾಧನೆಯಲ್ಲ. ತಾಯಿಯ ಅರ್ಧ ಭಾರ ಇಳಿಯಿತು.

ವಿದ್ಯಾರ್ಥಿ ಮಿತ್ರರೇ, ಅಂಥವರನ್ನು ದಾರಿಯಲ್ಲಿ ಕಂಡಾಗ ನಗದಿರೋಣ, ಹೆಸರು ಹಿಡಿದು ಮಾತಾಡಿಸೋಣ. ವೈದ್ಯ, ಇಂಜಿನಿಯರ್ ಆಗಬಯಸುವವರ ನಡುವೆ ಒಬ್ಬಿಬ್ಬರಾದರೂ ಇವರ ಗುರುಗಳಾಗಲು ಮುಂದೆ ಬಂದರೆ ನಮ್ಮ ಶಾಲೆಗೆ ಅದಕ್ಕಿಂತ ದೊಡ್ಡ ಕೀರ್ತಿ ಬೇರಿಲ್ಲ.